ಸಣ್ಣ ಕಾರಿನ ಸ್ಟೀರಿಯೊಗೆ ಫೋನನ್ನು ಬ್ಲೂಟೂತ್ ಮೂಲಕ ಜೋಡಿಸುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಆಲ್ಟೊ ಕೆ10, ಎಸ್-ಪ್ರೆಸ್ಸೊ, ಕ್ವಿಡ್, ಟಿಯಾಗೊ ಮೊದಲಾದ ಕಡಿಮೆ ಬೆಲೆಯ ಕಾರುಗಳನ್ನು ಕೊಂಡವರು ಬ್ಲೂಟೂತ್ ವಿಷಯದಲ್ಲಿ ಎಡವುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಹಾಡು ಕೇಳಿಸುತ್ತದೆ, ಕರೆ ಮಾತ್ರ ಸ್ಪೀಕರಿಗೆ ಬರುವುದಿಲ್ಲ. ನಿನ್ನೆ ತಾನಾಗಿಯೇ ಕೂಡಿಕೊಂಡಿದ್ದ ಫೋನ್ ಇಂದು ಕೂಡುವುದಿಲ್ಲ. ಹೆಸರುಗಳ ಬದಲಿಗೆ ಬರೀ ಸಂಖ್ಯೆಗಳು ಕಾಣುತ್ತವೆ. ಆ ಕಡೆಯವರಿಗೆ ತಮ್ಮ ದನಿಯೇ ಮರಳಿ ಕೇಳಿಸುತ್ತದೆ. ಇವುಗಳಲ್ಲಿ ಬಹಳಷ್ಟು ತೊಂದರೆಗಳಿಗೆ ಕಾರಣ ಕೆಟ್ಟ ಸ್ಟೀರಿಯೊ ಅಲ್ಲ, ಹಂತಗಳನ್ನು ಹಿಂದೆಮುಂದೆ ಮಾಡಿದ್ದು ಅಥವಾ ಒಂದು ಕಡೆ ಮಾತ್ರ ಸರಿಪಡಿಸಿ ಇನ್ನೊಂದು ಕಡೆಯನ್ನು ಹಾಗೆಯೇ ಬಿಟ್ಟದ್ದು.

ಕೆಲಸಕ್ಕೆ ಕೈಹಾಕುವ ಮುನ್ನ ಎರಡು ಸಂಗತಿಗಳು ತಿಳಿದಿರಬೇಕು. ಮೊದಲನೆಯದು, ಪೇರ್ ಆಗುವ, ಅಂದರೆ ಮೊದಲ ಬಾರಿ ಪರಸ್ಪರ ಜೋಡಣೆಯಾಗುವ, ಹೊತ್ತಿನಲ್ಲಿ ಫೋನ್ ಮತ್ತು ಸ್ಟೀರಿಯೊ ಸೇರಿ ಒಂದು ಗುಪ್ತ ಸಂಕೇತವನ್ನು ರೂಪಿಸಿಕೊಂಡು, ಎರಡೂ ಅದನ್ನು ತಮ್ಮ ತಮ್ಮ ಮೆಮೊರಿಯಲ್ಲಿ ಉಳಿಸಿಕೊಳ್ಳುತ್ತವೆ. ಮುಂದಿನ ಪ್ರತಿಯೊಂದು ಸಂಪರ್ಕವೂ ಈ ಎರಡು ದಾಖಲೆಗಳು ತಾಳೆಯಾದರೆ ಮಾತ್ರ ನಡೆಯುತ್ತದೆ. ಒಂದು ಕಡೆಯ ದಾಖಲೆ ಅಳಿದು ಇನ್ನೊಂದು ಕಡೆಯದು ಉಳಿದರೆ ಸಂಪರ್ಕ ಕೂಡುವುದಿಲ್ಲ, ಅಥವಾ ಕೂಡಿದಂತೆ ಕಂಡು ಕೆಲವೇ ಕ್ಷಣಗಳಲ್ಲಿ ಕಡಿದುಹೋಗುತ್ತದೆ. ಎರಡನೆಯದು, ನಾವು ಒಂದೇ ಹೆಸರಿನಿಂದ ಕರೆಯುವ ಬ್ಲೂಟೂತ್ ಸಂಪರ್ಕದೊಳಗೆ ಹಲವು ಸೇವೆಗಳು ಬೇರೆ ಬೇರೆಯಾಗಿ ನಡೆಯುತ್ತಿರುತ್ತವೆ. ಕರೆಗೆ ಒಂದು, ಹಾಡಿಗೆ ಒಂದು, ಮುಂದಿನ ಹಾಡು ಹಿಂದಿನ ಹಾಡು ಎಂಬ ಗುಂಡಿಗಳಿಗೆ ಒಂದು, ಫೋನ್‌ಬುಕ್ ಕಳಿಸುವುದಕ್ಕೆ ಮತ್ತೊಂದು. ಕಾರಿನ ಕೈಪಿಡಿಯಲ್ಲಿ ಎಚ್‌ಎಫ್‌ಪಿ ಎಂದಿದ್ದರೆ ಕರೆಯ ಸೇವೆ, ಎ2ಡಿಪಿ ಎಂದಿದ್ದರೆ ಹಾಡಿನ ಸೇವೆ, ಎವಿಆರ್‌ಸಿಪಿ ಎಂದರೆ ಗುಂಡಿಗಳದು, ಪಿಬಿಎಪಿ ಎಂದರೆ ಫೋನ್‌ಬುಕ್‌ನದು. ಒಂದು ಸೇವೆ ನಡೆಯುತ್ತಿರುವಾಗ ಇನ್ನೊಂದು ನಿಂತಿರುವುದು ಸಾಧ್ಯ. ಆದ್ದರಿಂದ ಫೋನಿನ ಪರದೆಯ ಮೇಲೆ ‘ಕನೆಕ್ಟೆಡ್’ ಎಂದು ಬಂದಮಾತ್ರಕ್ಕೆ ಕೆಲಸ ಮುಗಿದಂತಲ್ಲ.

ನಿಮ್ಮ ಕಾರಿನಲ್ಲಿರುವುದು ಯಾವ ಬಗೆಯ ಸ್ಟೀರಿಯೊ

ಈ ಬೆಲೆಯ ಕಾರುಗಳಲ್ಲಿ ನಾಲ್ಕು ಬಗೆಗಳು ಸಿಗುತ್ತವೆ. ಕಂಪನಿಯೇ ಅಳವಡಿಸಿದ, ಗುಂಡಿಗಳಿರುವ ಸಾಮಾನ್ಯ ಸ್ಟೀರಿಯೊ, ಕಂಪನಿಯ ಟಚ್‌ಸ್ಕ್ರೀನ್, ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಸ್ಟೀರಿಯೊ, ಮತ್ತು ಸ್ಟೀರಿಯೊ ಇಲ್ಲದ ಬೇಸ್ ವೇರಿಯಂಟ್. ಮೊದಲ ಮೂರಕ್ಕೂ ಕೆಳಗಿನ ಹಂತಗಳು ಒಂದೇ, ಮೆನುವಿನ ಹೆಸರುಗಳಷ್ಟೇ ಬದಲಾಗುತ್ತವೆ. ನಾಲ್ಕನೆಯದಕ್ಕೆ ಬೇರೆ ದಾರಿಯಿದ್ದು, ಅದನ್ನು ಹಂತಗಳ ನಂತರ ಬೇರೆ ಭಾಗದಲ್ಲಿ ವಿವರಿಸಿದ್ದೇನೆ.

ಟಚ್‌ಸ್ಕ್ರೀನ್ ಇರುವವರು ಒಂದು ಮಾತನ್ನು ಗಮನಿಸಬೇಕು. ಫೋನಿನ ಆ್ಯಪ್‌ಗಳನ್ನು ಕಾರಿನ ಪರದೆಯಲ್ಲಿ ತೋರಿಸುವ ಆಂಡ್ರಾಯ್ಡ್ ಆಟೊವನ್ನು ಯುಎಸ್‌ಬಿ ಕೇಬಲ್ ಮೂಲಕ ಬಳಸಿದರೂ ಕರೆಯ ಧ್ವನಿ ಹೋಗುವುದು ಬ್ಲೂಟೂತ್ ಮೂಲಕವೇ. ಕೇಬಲ್ ಹಾಕಿದ್ದೇನಲ್ಲ ಎಂದು ಬ್ಲೂಟೂತನ್ನು ಆಫ್ ಮಾಡಿಬಿಟ್ಟರೆ ಕರೆಗಳು ಸ್ಪೀಕರಿಗೆ ಬರುವುದಿಲ್ಲ.

ಕೈಯಲ್ಲಿರಬೇಕಾದವು

ಕಾರಿನ ಅಥವಾ ಸ್ಟೀರಿಯೊದ ಕೈಪಿಡಿ, ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇರುವ ಫೋನ್, ಪರೀಕ್ಷೆಗೆಂದು ಕರೆ ಮಾಡಲು ಒಪ್ಪಿರುವ ಇನ್ನೊಬ್ಬರು, ಮತ್ತು ಅರ್ಧ ಗಂಟೆಯ ಬಿಡುವು. ಕೊನೆಯದೇ ಮುಖ್ಯ. ಕಚೇರಿಗೆ ಹೊರಡುವ ಗಡಿಬಿಡಿಯಲ್ಲಿ, ಸಿಗ್ನಲ್‌ನಲ್ಲಿ ನಿಂತಿರುವಾಗ ಅಥವಾ ಗಾಡಿ ಓಡುತ್ತಿರುವಾಗ ಪೇರ್ ಮಾಡಲು ಹೋಗುವುದು ಅಪಾಯಕರ. ಹಲವು ಸ್ಟೀರಿಯೊಗಳಲ್ಲಿ ಚಕ್ರ ಉರುಳುತ್ತಿರುವಾಗ ಹೊಸ ಫೋನ್ ಸೇರಿಸುವ ಮೆನು ತೆರೆಯುವುದೇ ಇಲ್ಲ. ಅದನ್ನು ದೋಷವೆಂದು ಭಾವಿಸಿ ಸರ್ವಿಸ್ ಸೆಂಟರಿಗೆ ಹೋಗಬೇಕಾಗಿಲ್ಲ.

ಹಂತ 1: ಗಾಡಿಯ ಜಾಗ ಮತ್ತು ಕೀಲಿಯ ಸ್ಥಾನ

ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಅಥವಾ ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿಕೊಂಡು ಈ ಕೆಲಸಕ್ಕೆ ಕೂರಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಾಗಲಿ ಬಣ್ಣವಾಗಲಿ ಇಲ್ಲ, ಗಾಳಿಯಾಡದ ಕಡೆ ಅದು ಪ್ರಾಣಕ್ಕೇ ಅಪಾಯ ತರುತ್ತದೆ.

ಇಲ್ಲಿ ಬಹಳ ಜನ ಮಾಡುವ ತಪ್ಪು ಬೇರೊಂದಿದೆ. ಕೀಲಿಯನ್ನು ಒಂದು ಹಂತ ತಿರುಗಿಸಿ ಎಸಿಸಿ ಸ್ಥಾನದಲ್ಲಿ (ಎಂಜಿನ್ ಓಡದೆ ಸ್ಟೀರಿಯೊ ಮೊದಲಾದವಕ್ಕೆ ಮಾತ್ರ ಕರೆಂಟ್ ಸಿಗುವ ಸ್ಥಾನ) ಪೇರ್ ಮಾಡಲು ಶುರುಮಾಡುತ್ತಾರೆ, ಸಂಕೇತ ಸಂಖ್ಯೆ ಬರುವ ಹೊತ್ತಿಗೆ ಎಂಜಿನ್ ಸ್ಟಾರ್ಟ್ ಮಾಡುತ್ತಾರೆ. ಸೆಲ್ಫ್ ಹೊಡೆದಾಗ ಬ್ಯಾಟರಿಯ ವೋಲ್ಟೇಜ್ ಕ್ಷಣಕಾಲ ಕುಸಿಯುವುದರಿಂದ ಸ್ಟೀರಿಯೊ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ, ಪೇರಿಂಗ್ ಅರ್ಧಕ್ಕೇ ನಿಲ್ಲುತ್ತದೆ, ಫೋನಿನಲ್ಲಿ ದಾಖಲೆ ಉಳಿದು ಸ್ಟೀರಿಯೊದಲ್ಲಿ ಉಳಿಯದಿರುವ ಸಂದರ್ಭ ಬರುತ್ತದೆ. ಆದ್ದರಿಂದ ಎಂಜಿನ್ ಮೊದಲೇ ಸ್ಟಾರ್ಟ್ ಮಾಡಿ, ಸ್ಟೀರಿಯೊ ಪೂರ್ತಿ ತೆರೆದುಕೊಳ್ಳುವವರೆಗೆ ಕಾಯ್ದು ಮುಂದುವರಿಯಿರಿ. ಎಸಿಸಿಯಲ್ಲೇ ಮಾಡುವುದಾದರೆ ಕೊನೆಯವರೆಗೂ ಎಸಿಸಿಯಲ್ಲೇ ಇರಿ, ಆದರೆ ಹೆಚ್ಚು ಹೊತ್ತು ಬೇಡ. ಸಣ್ಣ ಕಾರುಗಳ ಬ್ಯಾಟರಿ 35 ಆಂಪಿಯರ್-ಅವರ್‌ನ ಆಸುಪಾಸಿನದು. ಹಳೆಯದಾಗಿದ್ದರೆ ಫ್ಯಾನ್, ದೀಪ, ಸ್ಟೀರಿಯೊ ಎಲ್ಲ ಸೇರಿ ಅದನ್ನು ಬೇಗನೆ ಬಳಲಿಸುತ್ತವೆ.

ಹಂತ 2: ಹಳೆಯ ದಾಖಲೆಯನ್ನು ಎರಡೂ ಕಡೆ ಅಳಿಸುವುದು

ಈ ಫೋನನ್ನು ಈ ಕಾರಿಗೆ ಹಿಂದೆ ಎಂದಾದರೂ ಜೋಡಿಸಿದ್ದರೆ, ಅಥವಾ ಜೋಡಿಸಲು ಹೋಗಿ ಸೋತಿದ್ದರೆ, ಈ ಹಂತವನ್ನು ಬಿಡಬಾರದು. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಕಾರಿನ ಹೆಸರಿನ ಪಕ್ಕದ ಗೇರ್ ಚಿಹ್ನೆಯನ್ನು ಒತ್ತಿ ‘ಫರ್ಗೆಟ್’ ಅಥವಾ ‘ಅನ್‌ಪೇರ್’ ಆಯ್ಕೆಮಾಡಿ. ಐಫೋನಿನಲ್ಲಿ ಹೆಸರಿನ ಪಕ್ಕದ ‘ಐ’ ಚಿಹ್ನೆಯನ್ನು ಒತ್ತಿದರೆ ‘ಫರ್ಗೆಟ್ ದಿಸ್ ಡಿವೈಸ್’ ಸಿಗುತ್ತದೆ. ‘ಡಿಸ್‌ಕನೆಕ್ಟ್’ ಒತ್ತಿದರೆ ದಾಖಲೆ ಅಳಿಯುವುದಿಲ್ಲ, ಆ ಹೊತ್ತಿನ ಸಂಪರ್ಕವಷ್ಟೇ ಕಡಿಯುತ್ತದೆ.

ಅನಂತರ ಸ್ಟೀರಿಯೊದ ಬ್ಲೂಟೂತ್ ಮೆನುವಿಗೆ ಹೋಗಿ, ಪೇರ್ ಆದ ಫೋನ್‌ಗಳ ಪಟ್ಟಿಯಿಂದ ನಿಮ್ಮ ಫೋನಿನ ಹೆಸರನ್ನು ಅಳಿಸಿ. ಹೆಚ್ಚಿನವರು ಬಿಡುವುದು ಈ ಭಾಗವನ್ನೇ. ಅಗ್ಗದ ಸ್ಟೀರಿಯೊಗಳಲ್ಲಿ ಈ ಪಟ್ಟಿಗೆ ಮಿತಿಯಿದೆ, ಹಲವುಗಳಲ್ಲಿ ಐದು ಫೋನ್‌ಗಳಷ್ಟೇ ಹಿಡಿಯುತ್ತವೆ. ಪಟ್ಟಿ ತುಂಬಿದ್ದರೆ ಕೆಲವು ಸ್ಟೀರಿಯೊಗಳು ಹಳೆಯ ಹೆಸರನ್ನು ತಾವೇ ಬಿಡುತ್ತವೆ, ಕೆಲವು ಏನನ್ನೂ ಹೇಳದೆ ಹೊಸ ಫೋನನ್ನು ನಿರಾಕರಿಸುತ್ತವೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಹಿಂದಿನ ಮಾಲೀಕರ, ಡ್ರೈವರ್‌ಗಳ, ಡೀಲರ್ ಹುಡುಗರ ಫೋನ್‌ಗಳನ್ನೆಲ್ಲ ಮೊದಲು ಅಳಿಸಬೇಕು. ಒಂದೊಂದಾಗಿ ಅಳಿಸುವ ದಾರಿ ಸಿಗದಿದ್ದರೆ ಸ್ಟೀರಿಯೊದ ಫ್ಯಾಕ್ಟರಿ ರೀಸೆಟ್ ಬಳಸಬಹುದು; ಆಗ ಉಳಿಸಿಕೊಂಡಿದ್ದ ಎಫ್‌ಎಂ ಸ್ಟೇಷನ್‌ಗಳೂ ಹೋಗುತ್ತವೆ.

ಎರಡೂ ಕಡೆ ಅಳಿಸಿದ ಮೇಲೆ ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಐಫೋನಿನವರು ಕಂಟ್ರೋಲ್ ಸೆಂಟರ್‌ನ ಬ್ಲೂಟೂತ್ ಗುಂಡಿಯನ್ನು ನಂಬಬಾರದು. ಅದು ಇರುವ ಸಂಪರ್ಕಗಳನ್ನು ಕಡಿಯುತ್ತದೆಯೇ ಹೊರತು ಬ್ಲೂಟೂತನ್ನು ಪೂರ್ತಿ ಆರಿಸುವುದಿಲ್ಲ, ಅದಕ್ಕೆ ಸೆಟ್ಟಿಂಗ್ಸ್ ಒಳಗೇ ಹೋಗಬೇಕು.

ಹಂತ 3: ಪೇರ್ ಮಾಡುವುದು

ಮೊದಲು ಸ್ಟೀರಿಯೊದಲ್ಲಿ ಹೊಸ ಫೋನ್ ಸೇರಿಸುವ ಮೆನುವನ್ನು ತೆರೆಯಿರಿ. ಅದಾದ ಮೇಲೆಯೇ ಫೋನಿನಲ್ಲಿ ಬ್ಲೂಟೂತ್ ಪುಟವನ್ನು ತೆರೆದು ಹೊಸ ಸಾಧನವನ್ನು ಹುಡುಕಿಸಿ. ಸ್ಟೀರಿಯೊ ತನ್ನನ್ನು ತೋರಿಸಿಕೊಳ್ಳುವುದು ಒಂದೆರಡು ನಿಮಿಷ ಮಾತ್ರ. ಫೋನಿನಿಂದ ಶುರುಮಾಡಿ ಆಮೇಲೆ ಸ್ಟೀರಿಯೊದ ಮೆನುವನ್ನು ಹುಡುಕುತ್ತ ಕೂತರೆ ಎರಡರ ಹೊತ್ತು ಹೊಂದುವುದಿಲ್ಲ. ಹುಡುಕಾಟವನ್ನು ಸ್ಟೀರಿಯೊ ಕಡೆಯಿಂದ ಮಾಡಿಸುವುದಾದರೆ ಫೋನಿನ ಬ್ಲೂಟೂತ್ ಪುಟ ತೆರೆದೇ ಇರಬೇಕು, ಏಕೆಂದರೆ ಆ ಪುಟವನ್ನು ಮುಚ್ಚಿದೊಡನೆ ಫೋನ್ ಬೇರೆ ಸಾಧನಗಳಿಗೆ ಕಾಣುವುದನ್ನು ನಿಲ್ಲಿಸುತ್ತದೆ.

ಕಾರಿನ ಹೆಸರನ್ನು ಒತ್ತಿದಾಗ ಎರಡೂ ಪರದೆಗಳ ಮೇಲೆ ಆರು ಅಂಕಿಗಳ ಸಂಖ್ಯೆ ಮೂಡುತ್ತದೆ. ಎರಡೂ ಒಂದೇ ಆಗಿದೆಯೇ ಎಂದು ಓದಿ ನೋಡಿ, ಆಮೇಲೆ ಎರಡೂ ಕಡೆ ಒಪ್ಪಿಗೆ ಕೊಡಿ. ಇದು ಬರೀ ವಿಧಿಯಲ್ಲ. ಒಂದೇ ಮಾದರಿಯ ಕಾರುಗಳ ಬ್ಲೂಟೂತ್ ಹೆಸರೂ ಒಂದೇ ಆಗಿರುವುದರಿಂದ, ಅಕ್ಕಪಕ್ಕದಲ್ಲಿ ಅದೇ ಕಾರುಗಳು ನಿಂತಿರುವ ಪಾರ್ಕಿಂಗಿನಲ್ಲಿ ಪಕ್ಕದ ಗಾಡಿಗೆ ಜೋಡಣೆಯಾಗುವ ಸಾಧ್ಯತೆ ನಿಜವಾಗಿಯೂ ಇದೆ. ಸಂಖ್ಯೆಗಳು ಬೇರೆಯಾಗಿದ್ದರೆ ನಿರಾಕರಿಸಿ ಮೊದಲಿನಿಂದ ಮಾಡಿ. ಹಳೆಯ ಅಥವಾ ತೀರ ಅಗ್ಗದ ಸ್ಟೀರಿಯೊ ಪಿನ್ ಕೇಳಿದರೆ 0000 ಅಥವಾ 1234 ಹಾಕಿ ನೋಡಿ, ಎರಡೂ ನಡೆಯದಿದ್ದರೆ ಕೈಪಿಡಿಯಲ್ಲಿ ಪಿನ್ ಮುದ್ರಿಸಿರುತ್ತಾರೆ.

ಹಂತ 4: ಅನುಮತಿಗಳು

ಸಂಖ್ಯೆಗೆ ಒಪ್ಪಿಗೆ ಕೊಡುವ ಹೊತ್ತಿಗೇ ಆಂಡ್ರಾಯ್ಡ್ ಫೋನು ಸಂಪರ್ಕಗಳನ್ನೂ (ಕಾಂಟ್ಯಾಕ್ಟ್ಸ್) ಕರೆಗಳ ಇತಿಹಾಸವನ್ನೂ ಕಾರಿಗೆ ಕೊಡಬಹುದೇ ಎಂದು ಕೇಳುತ್ತದೆ. ಬಹಳ ಜನ ಆ ಚೌಕವನ್ನು ಗಮನಿಸದೆ ‘ಪೇರ್’ ಒತ್ತುತ್ತಾರೆ, ಆಮೇಲೆ ಕಾರಿನ ಪರದೆಯಲ್ಲಿ ಹೆಸರುಗಳೇ ಇಲ್ಲವೆಂದು ದೂರುತ್ತಾರೆ. ಬಿಟ್ಟುಹೋಗಿದ್ದರೆ ಮತ್ತೆ ಪೇರ್ ಮಾಡಬೇಕಿಲ್ಲ. ಬ್ಲೂಟೂತ್ ಪಟ್ಟಿಯಲ್ಲಿ ಕಾರಿನ ಪಕ್ಕದ ಗೇರ್ ಚಿಹ್ನೆಯನ್ನು ಒತ್ತಿದರೆ ಫೋನ್ ಕರೆಗಳು, ಮೀಡಿಯಾ ಆಡಿಯೊ, ಸಂಪರ್ಕಗಳ ಹಂಚಿಕೆ ಎಂಬ ಮೂರು ಸ್ವಿಚ್‌ಗಳು ಕಾಣುತ್ತವೆ. ಮೇಲೆ ಹೇಳಿದ ಬೇರೆ ಬೇರೆ ಸೇವೆಗಳಲ್ಲಿ ಮೂರು ಇವೇ. ಹಾಡು ಬಂದು ಕರೆ ಬಾರದಿದ್ದರೆ ಮೊದಲ ಸ್ವಿಚ್ ಆರಿರುತ್ತದೆ. ಕರೆ ಬಂದು ಹಾಡು ಬಾರದಿದ್ದರೆ ಎರಡನೆಯದು. ಐಫೋನಿನಲ್ಲಿ ಅದೇ ‘ಐ’ ಚಿಹ್ನೆಯೊಳಗೆ ಸಂಪರ್ಕಗಳನ್ನು ಸಿಂಕ್ ಮಾಡುವ ಆಯ್ಕೆಯಿದೆ, ಅಲ್ಲಿಯೇ ಸಾಧನದ ಬಗೆಯನ್ನು ‘ಕಾರ್ ಸ್ಟೀರಿಯೊ’ ಎಂದು ಗುರುತಿಸಬಹುದು.

ಅನುಮತಿ ಕೊಟ್ಟ ಮೇಲೆ ಫೋನ್‌ಬುಕ್ ಇಳಿಯಲು ಕೆಲವು ನಿಮಿಷ ಬೇಕು. ಸಾವಿರಾರು ಹೆಸರುಗಳಿದ್ದರೆ ಇನ್ನೂ ಹೆಚ್ಚು ಹೊತ್ತಾಗುತ್ತದೆ, ಸ್ಟೀರಿಯೊದ ಮಿತಿ ಮೀರಿದರೆ ಪಟ್ಟಿಯ ಕೊನೆಯ ಹೆಸರುಗಳು ಬರುವುದೇ ಇಲ್ಲ. ಆ ಹೊತ್ತಿನಲ್ಲಿ ಗುಂಡಿಗಳನ್ನು ಒತ್ತುತ್ತ ಅವಸರಪಡಿಸಬೇಡಿ.

ಕನ್ನಡಿಗರಿಗೆ ಎದುರಾಗುವ ತೊಡಕೊಂದನ್ನು ಇಲ್ಲಿಯೇ ಹೇಳಬೇಕು. ಸಣ್ಣ ಎಲ್‌ಸಿಡಿ ಪಟ್ಟಿಯ ಸ್ಟೀರಿಯೊಗಳಲ್ಲಿ, ಕೆಲವು ಅಗ್ಗದ ಟಚ್‌ಸ್ಕ್ರೀನ್‌ಗಳಲ್ಲಿಯೂ, ಕನ್ನಡದ ಅಕ್ಷರರೂಪಗಳು ಇರುವುದಿಲ್ಲ. ಫೋನಿನಲ್ಲಿ ‘ಅಮ್ಮ’, ‘ಚಿಕ್ಕಪ್ಪ’ ಎಂದು ಕನ್ನಡದಲ್ಲೇ ಉಳಿಸಿಕೊಂಡ ಹೆಸರುಗಳು ಅಲ್ಲಿ ಖಾಲಿ ಚೌಕಗಳಾಗಿಯೋ ಪ್ರಶ್ನೆ ಚಿಹ್ನೆಗಳಾಗಿಯೋ ಕಾಣುತ್ತವೆ, ಕನ್ನಡ ಹಾಡುಗಳ ಶೀರ್ಷಿಕೆಗಳಿಗೂ ಅದೇ ಗತಿ. ನಮ್ಮ ಭಾಷೆಯಲ್ಲಿ ಹೆಸರು ಬರೆದುಕೊಂಡವರಿಗೆ ಈ ಸೌಲಭ್ಯ ಇಲ್ಲದಿರುವುದು ತಯಾರಕರು ತಿದ್ದಿಕೊಳ್ಳಲೇಬೇಕಾದ ಕೊರತೆ. ಸದ್ಯಕ್ಕಿರುವ ಪರಿಹಾರವೆಂದರೆ ಗಾಡಿ ಓಡಿಸುವಾಗ ಮಾತಾಡಲೇಬೇಕಾದ ಕೆಲವೇ ಜನರ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೂ ಉಳಿಸಿಕೊಳ್ಳುವುದು. ಉಳಿದವುಗಳನ್ನು ಬದಲಿಸುವ ಅಗತ್ಯವಿಲ್ಲ.

ಹಂತ 5: ಕರೆಯ ಪರೀಕ್ಷೆ

ಗಾಡಿ ನಿಂತಿರುವಾಗಲೇ ಬರುವ ಕರೆ ಮತ್ತು ಹೋಗುವ ಕರೆ ಎರಡನ್ನೂ ಪರೀಕ್ಷಿಸಿ. ಮೊದಲು ಇನ್ನೊಬ್ಬರಿಂದ ಕರೆ ಮಾಡಿಸಿ, ಸ್ಟೀರಿಯೊದ ಅಥವಾ ಸ್ಟೀರಿಂಗ್ ಮೇಲಿನ ಹಸಿರು ಗುಂಡಿಯಿಂದ ಎತ್ತಿ. ಫೋನಿನ ಪರದೆಯನ್ನು ಮುಟ್ಟಿ ಎತ್ತಿದರೆ ಕೆಲವು ಫೋನ್‌ಗಳು ಧ್ವನಿಯನ್ನು ಕಿವಿಯ ಸ್ಪೀಕರಿನಲ್ಲೇ ಇಟ್ಟುಕೊಳ್ಳುತ್ತವೆ, ಆಗ ಕಾರಿನದೇ ದೋಷವೆಂದು ತಪ್ಪು ತಿಳಿಯುವ ಸಾಧ್ಯತೆಯಿದೆ.

ಹೋಗುವ ಕರೆಯಲ್ಲಿ ಎರಡು ಸಿಮ್ ಇರುವವರಿಗೆ ಒಂದು ಬಲೆಯಿದೆ. ಕರೆಗೆ ಯಾವ ಸಿಮ್ ಎಂಬುದನ್ನು ‘ಪ್ರತಿ ಬಾರಿ ಕೇಳು’ ಎಂದು ಇಟ್ಟಿದ್ದರೆ, ಕಾರಿನಿಂದ ಡಯಲ್ ಮಾಡಿದ ಕರೆ ಫೋನಿನ ಪರದೆಯ ಮೇಲೆ ಸಿಮ್ ಆಯ್ಕೆಗಾಗಿ ಕಾಯುತ್ತ ನಿಲ್ಲುತ್ತದೆ. ಸ್ಟೀರಿಯೊದಲ್ಲಿ ಏನೂ ಕಾಣುವುದಿಲ್ಲ. ಫೋನಿನ ಸಿಮ್ ಸೆಟ್ಟಿಂಗ್ಸ್‌ನಲ್ಲಿ ಕರೆಗೆಂದು ಒಂದು ಸಿಮ್ಮನ್ನು ಖಾಯಂ ಮಾಡಿದರೆ ತೊಂದರೆ ತಪ್ಪುತ್ತದೆ.

ಆ ಕಡೆಯವರಿಗೆ ತಮ್ಮದೇ ದನಿ ಪ್ರತಿಧ್ವನಿಸಿದರೆ ಕಾರಣ ಸರಳವಾದದ್ದು. ಸ್ಪೀಕರಿನಿಂದ ಹೊರಟ ಅವರ ದನಿಯನ್ನು ಕಾರಿನ ಮೈಕ್ ಮತ್ತೆ ಹಿಡಿದು ಕಳಿಸುತ್ತಿದೆ. ಕರೆ ನಡೆಯುತ್ತಿರುವಾಗಲೇ ಸ್ಟೀರಿಯೊದ ಧ್ವನಿಯನ್ನು ತಗ್ಗಿಸಿ. ಕರೆಯ ವಾಲ್ಯೂಮ್ ಮತ್ತು ಹಾಡಿನ ವಾಲ್ಯೂಮ್ ಹೆಚ್ಚಿನ ಸ್ಟೀರಿಯೊಗಳಲ್ಲಿ ಬೇರೆ ಬೇರೆಯಾಗಿ ಉಳಿಯುತ್ತವೆ ಎಂಬುದನ್ನು ನೆನಪಿಡಿ. ನಿಮ್ಮ ದನಿ ಅವರಿಗೆ ದೂರದಿಂದ ಬಂದಂತೆ ಕೇಳಿಸಿದರೆ ಮೈಕ್ ಎಲ್ಲಿದೆಯೆಂದು ಹುಡುಕಿ. ಕಂಪನಿಯ ಸ್ಟೀರಿಯೊಗಳಲ್ಲಿ ಅದು ಚಾವಣಿಯ ದೀಪದ ಬಳಿಯೋ ಸ್ಟೀರಿಯೊದ ಮುಖದಲ್ಲಿಯೋ ಇರುತ್ತದೆ, ಹೊರಗೆ ಹಾಕಿಸಿದ ಅಗ್ಗದ ಸ್ಟೀರಿಯೊಗಳಲ್ಲಿ ಬಹುಪಾಲು ಮುಖದಲ್ಲಿಯೇ, ಸೂಜಿಯಷ್ಟು ಸಣ್ಣ ರಂಧ್ರದ ಹಿಂದೆ. ಎಸಿಯ ಗಾಳಿ ನೇರವಾಗಿ ಅಲ್ಲಿಗೆ ಬಡಿಯುತ್ತಿದ್ದರೆ ಆ ಕಡೆಗೆ ಭೋರೆಂಬ ಸದ್ದಷ್ಟೇ ಹೋಗುತ್ತದೆ. ನಡುವಿನ ಕಿಂಡಿಯ ರೆಕ್ಕೆಗಳನ್ನು ಮೇಲಕ್ಕೆ ತಿರುಗಿಸಿ, ಕರೆಯ ಹೊತ್ತಿನಲ್ಲಿ ಬ್ಲೋವರನ್ನು ಒಂದು ಹಂತ ಇಳಿಸಿ, ಕಿಟಕಿ ಏರಿಸಿ. ಹೊರಗೆ ಹಾಕಿಸಿದ ಸ್ಟೀರಿಯೊದ ಹಿಂದೆ ಹೊರಗಿನ ಮೈಕ್‌ಗೆ ಜಾಕ್ ಇದ್ದರೆ, ಒಂದು ಮೈಕ್ ತರಿಸಿ ಚಾಲಕನ ಬದಿಯಲ್ಲಿ ಮುಂಗಾಜಿನ ಪಕ್ಕದ ಕಂಬಕ್ಕೆ ಹಾಕಿಸುವುದು ಬಹಳ ಒಳ್ಳೆಯ ಖರ್ಚು. ಆ ಬದಿಯಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ ವೈರನ್ನು ಅದಕ್ಕೆ ಅಡ್ಡಬಾರದಂತೆ ಎಳೆಸಬೇಕು.

ಕರೆಯ ದನಿ ಹಾಡಿನಷ್ಟು ತುಂಬಿದ್ದಾಗಿ ಕೇಳಿಸದಿರುವುದು ದೋಷವಲ್ಲ. ಕರೆಯ ಸೇವೆ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ, ಉತ್ತಮ ಸಾಧನಗಳಲ್ಲಿ 16,000 ಬಾರಿ ಅಳೆದು ಕಳಿಸುತ್ತದೆ. ಹಾಡಿನ ಸೇವೆಯಲ್ಲಿ ಆ ಸಂಖ್ಯೆ ಸಾಮಾನ್ಯವಾಗಿ 44,100.

ಕರೆ ಕಾರಿಗೂ ಬಾರದೆ ಫೋನಿನಲ್ಲೂ ಕೇಳಿಸದೆ ಮಾಯವಾದರೆ ನಿಮ್ಮ ಕೈಗಡಿಯಾರವನ್ನು ನೋಡಿ. ಕರೆ ಮಾಡುವ ಸೌಲಭ್ಯವಿರುವ ಸ್ಮಾರ್ಟ್‌ವಾಚ್ ಮತ್ತು ಜೇಬಿನಲ್ಲಿರುವ ಇಯರ್‌ಬಡ್ಸ್ ಕೂಡ ಅದೇ ಕರೆಯ ಸೇವೆಯನ್ನು ಬಳಸುತ್ತವೆ, ಕೊನೆಗೆ ಕೂಡಿಕೊಂಡ ಸಾಧನಕ್ಕೆ ಕರೆ ಹೋಗಿರುತ್ತದೆ. ವಾಚಿನ ಕರೆಯ ಸೇವೆಯನ್ನು ಮಾತ್ರ ಆಫ್ ಮಾಡಿದರೆ ಸಾಕು, ಅದರ ಉಳಿದ ಕೆಲಸಗಳು ನಡೆಯುತ್ತವೆ.

ಹಂತ 6: ಹಾಡು ಮತ್ತು ನಕ್ಷೆಯ ಧ್ವನಿ

ಸ್ಟೀರಿಯೊದ ಸೋರ್ಸ್ ಗುಂಡಿಯಿಂದ ಬ್ಲೂಟೂತ್ ಆಡಿಯೊ ಆಯ್ಕೆಮಾಡಿ. ಫೋನಿನ ವಾಲ್ಯೂಮನ್ನು ಮುಕ್ಕಾಲಿಗಿಂತ ಮೇಲೆ ಇಟ್ಟು, ಬೇಕಾದಷ್ಟನ್ನು ಕಾರಿನ ಗುಂಡಿಯಿಂದ ಹೊಂದಿಸಿಕೊಳ್ಳಿ. ಇದಕ್ಕೆ ವಿರುದ್ಧವಾಗಿ ಫೋನಿನಲ್ಲಿ ತಗ್ಗಿಸಿ ಕಾರಿನಲ್ಲಿ ಏರಿಸಿದರೆ ಸುಯ್ ಎಂಬ ಸದ್ದೂ ಹಾಡಿನ ಜೊತೆ ಏರುತ್ತದೆ.

ಹಾಡು ತುಂಡು ತುಂಡಾಗಿ ಬಂದರೆ ಫೋನಿನ ಹಾಟ್‌ಸ್ಪಾಟ್ ಆನ್ ಇದೆಯೇ ನೋಡಿ. ಬ್ಲೂಟೂತ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ, ಹಾಟ್‌ಸ್ಪಾಟ್ ಕೂಡ ಅಲ್ಲೇ ಇದ್ದರೆ ಎರಡೂ ಒಂದನ್ನೊಂದು ತಡೆಯುತ್ತವೆ. ಅದನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಬಹುದು. ಪರದೆ ಆರಿದ ಸ್ವಲ್ಪ ಹೊತ್ತಿಗೆ ಹಾಡು ನಿಲ್ಲುತ್ತಿದ್ದರೆ ಅದು ಬ್ಯಾಟರಿ ಉಳಿತಾಯದ ವ್ಯವಸ್ಥೆ ಆ ಆ್ಯಪನ್ನು ನಿಲ್ಲಿಸುತ್ತಿರುವುದರ ಗುರುತು. ಆ ಆ್ಯಪಿಗೆ ವಿನಾಯಿತಿ ಕೊಡಿ.

ಗೂಗಲ್ ಮ್ಯಾಪ್ಸ್‌ನ ದಾರಿ ಹೇಳುವ ದನಿ ಕಾರಿನಲ್ಲಿ ಕೇಳಿಸದಿರುವುದು ಇನ್ನೊಂದು ಸಾಮಾನ್ಯ ದೂರು. ಆ ದನಿ ಹಾಡಿನ ಸೇವೆಯ ಮೂಲಕವೇ ಬರುವುದರಿಂದ, ಸ್ಟೀರಿಯೊ ಎಫ್‌ಎಂನಲ್ಲಿದ್ದರೆ ಅದು ಕೇಳಿಸುವುದಿಲ್ಲ. ಸೋರ್ಸ್ ಬ್ಲೂಟೂತ್‌ನಲ್ಲಿರಬೇಕು, ಮ್ಯಾಪ್ಸ್‌ನ ನ್ಯಾವಿಗೇಶನ್ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಮೂಲಕ ಧ್ವನಿ ಎಂಬ ಆಯ್ಕೆ ಆನ್ ಇರಬೇಕು.

ಹಂತ 7: ಕೀಲಿ ತೆಗೆದು ಮತ್ತೆ ಹಾಕಿ ನೋಡುವುದು

ಎಲ್ಲವೂ ಸರಿಯಾಯಿತೆಂದು ಇಲ್ಲಿಗೆ ನಿಲ್ಲಿಸಬೇಡಿ. ಎಂಜಿನ್ ಆರಿಸಿ, ಕೀಲಿ ತೆಗೆದು, ಬಾಗಿಲು ಹಾಕಿ ಐದು ನಿಮಿಷ ಬಿಟ್ಟು ಬನ್ನಿ. ಮತ್ತೆ ಸ್ಟಾರ್ಟ್ ಮಾಡಿದಾಗ ಒಂದು ನಿಮಿಷದೊಳಗೆ ಫೋನ್ ತಾನಾಗಿಯೇ ಕೂಡಿಕೊಳ್ಳಬೇಕು. ಕೂಡದಿದ್ದರೆ ಅದು ಎರಡು ರೀತಿಯದಾಗಿರಬಹುದು, ಅವೆರಡನ್ನು ಬೇರ್ಪಡಿಸುವ ಗುರುತು ಬಹಳ ಸುಲಭವಾದದ್ದು: ಸ್ಟೀರಿಯೊದ ಗಡಿಯಾರವನ್ನೂ ಉಳಿಸಿಕೊಂಡ ಎಫ್‌ಎಂ ಸ್ಟೇಷನ್‌ಗಳನ್ನೂ ನೋಡಿ.

ಅವು ಉಳಿದಿದ್ದು ಫೋನ್ ಮಾತ್ರ ಕೂಡದಿದ್ದರೆ, ಸ್ಟೀರಿಯೊದ ಮೆನುವಿನಲ್ಲಿ ಆಟೊ ಕನೆಕ್ಟ್ ಆಯ್ಕೆ ಆರಿದೆಯೇ ನೋಡಿ, ಅದೂ ಸರಿಯಿದ್ದರೆ ಎರಡನೆಯ ಹಂತದಿಂದ ಮತ್ತೆ ಮಾಡಿ. ಗಡಿಯಾರವೂ ಸ್ಟೇಷನ್‌ಗಳೂ ಅಳಿಸಿಹೋಗಿದ್ದರೆ ತೊಂದರೆ ಬ್ಲೂಟೂತ್‌ನದಲ್ಲ, ವೈರಿಂಗ್‌ನದು. ಸ್ಟೀರಿಯೊಗೆ ಎರಡು ವಿದ್ಯುತ್ ತಂತಿಗಳು ಬರುತ್ತವೆ. ಸ್ಟೀರಿಯೊ ಕಡೆಯ ಹಳದಿ ತಂತಿಗೆ ಕೀಲಿ ತೆಗೆದರೂ ಬ್ಯಾಟರಿಯಿಂದ ಕರೆಂಟ್ ಬರುತ್ತಿರಬೇಕು, ನೆನಪನ್ನು ಕಾಯುವುದು ಅದೇ. ಕೆಂಪು ತಂತಿಗೆ ಕೀಲಿ ತಿರುಗಿಸಿದಾಗ ಮಾತ್ರ ಬರಬೇಕು. ಅವಸರದಲ್ಲಿ ಕೆಲಸ ಮಾಡುವವರು ಎರಡನ್ನೂ ಒಟ್ಟಿಗೆ ತಿರುಚಿ ಎಸಿಸಿ ತಂತಿಗೆ ಕಟ್ಟಿಬಿಡುತ್ತಾರೆ. ಆಗ ಪ್ರತಿ ಸಲ ಕೀಲಿ ತೆಗೆದೊಡನೆ ಸ್ಟೀರಿಯೊ ತನ್ನ ಮೆಮೊರಿಯನ್ನೆಲ್ಲ ಕಳೆದುಕೊಳ್ಳುತ್ತದೆ, ಫೋನಿನಲ್ಲಿ ಮಾತ್ರ ಹಳೆಯ ದಾಖಲೆ ಉಳಿಯುತ್ತದೆ, ನೀವು ದಿನವೂ ಪೇರ್ ಮಾಡುತ್ತಲೇ ಇರಬೇಕಾಗುತ್ತದೆ. ಎರಡನ್ನೂ ಸದಾ ಕರೆಂಟ್ ಇರುವ ತಂತಿಗೆ ಕಟ್ಟಿದರೆ ಫಲ ಇನ್ನೊಂದು ಬಗೆಯದು. ಕೀಲಿ ತೆಗೆದರೂ ಸ್ಟೀರಿಯೊ ಆರುವುದಿಲ್ಲ, ನಿಂತ ಗಾಡಿಯ ಬ್ಯಾಟರಿ ಇಳಿಯುತ್ತದೆ. ಇವೆರಡೂ ನಿಮ್ಮ ಕೈಯಲ್ಲಿ ಸರಿಪಡಿಸುವ ಕೆಲಸಗಳಲ್ಲ. ಹಾಕಿದ ಅಂಗಡಿಗೆ ಹೋಗಿ ಹಳದಿ ತಂತಿಗೆ ಸದಾ ಕರೆಂಟ್ ಇದೆಯೇ ಎಂದು ಮೀಟರ್ ಇಟ್ಟು ತೋರಿಸಲು ಕೇಳಿ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮ ಊರಿನ ಅಂಗಡಿಯಲ್ಲಾಗಲಿ ಹೊಸದಾಗಿ ಸ್ಟೀರಿಯೊ ಹಾಕಿಸುವವರು, ಕಾರಿನ ಮೂಲ ವೈರನ್ನು ಕತ್ತರಿಸದೆ ನಿಮ್ಮ ಮಾದರಿಗೆ ಹೊಂದುವ ಕಪ್ಲರ್ (ಸಿಕ್ಕಿಸುವ ಜೋಡಕ) ಬಳಸುವಂತೆ ಮೊದಲೇ ಹೇಳಬೇಕು. ಕತ್ತರಿಸಿ ಟೇಪ್ ಸುತ್ತಿದ ಜಾಗ ಮುಂದೆ ಶಾರ್ಟ್ ಸರ್ಕ್ಯೂಟ್‌ಗೆ ದಾರಿಯಾಗಬಹುದು, ವಾರಂಟಿ ಕೇಳಲು ಹೋದಾಗ ತಕರಾರಿಗೂ ಕಾರಣವಾಗುತ್ತದೆ.

ಮನೆಯಲ್ಲಿ ಎರಡು ಫೋನ್‌ಗಳಿದ್ದರೆ

ಗಂಡ ಹೆಂಡತಿ ಇಬ್ಬರ ಫೋನೂ ಪೇರ್ ಆಗಿದ್ದರೆ, ಸ್ಟೀರಿಯೊ ಸಾಮಾನ್ಯವಾಗಿ ಕೊನೆಗೆ ಕೂಡಿದ್ದ ಫೋನನ್ನೇ ಮೊದಲು ಹುಡುಕುತ್ತದೆ. ಬ್ಲೂಟೂತ್ ಸುಮಾರು 10 ಮೀಟರ್ ತಲುಪುವುದರಿಂದ, ನೀವು ಗೇಟಿನ ಬಳಿ ಗಾಡಿ ಸ್ಟಾರ್ಟ್ ಮಾಡಿದಾಗ ಒಳಗೆ ಹಾಲ್‌ನಲ್ಲಿರುವ ಮನೆಯವರ ಫೋನ್ ಕೂಡಿಕೊಂಡು, ಅವರಿಗೆ ಬಂದ ಕರೆ ನಿಮ್ಮ ಕಾರಿನಲ್ಲಿ ಮೊಳಗುವುದುಂಟು. ಮೆನುವಿನಲ್ಲಿ ಆದ್ಯತೆಯ ಫೋನ್ ಎಂಬ ಆಯ್ಕೆಯಿದ್ದರೆ ಹೆಚ್ಚು ಓಡಿಸುವವರದನ್ನು ಗುರುತಿಸಿ. ಇಲ್ಲದಿದ್ದರೆ ಇನ್ನೊಂದು ಫೋನಿನಲ್ಲಿ ಕಾರಿಗೆ ಸಂಬಂಧಿಸಿದ ಕರೆಯ ಸ್ವಿಚ್ಚನ್ನು ಆಫ್ ಮಾಡಿಡಿ.

ಸ್ಟೀರಿಯೊ ಇಲ್ಲದ ಅಥವಾ ಬ್ಲೂಟೂತ್ ಇಲ್ಲದ ಕಾರಿಗೆ

ಎಫ್‌ಎಂ ರೇಡಿಯೊ ಮಾತ್ರ ಇರುವ ಕಾರಿಗೆ 12 ವೋಲ್ಟ್ ಸಾಕೆಟ್‌ನಲ್ಲಿ ಸಿಕ್ಕಿಸುವ ಎಫ್‌ಎಂ ಟ್ರಾನ್ಸ್‌ಮಿಟರ್ ಸಿಗುತ್ತದೆ. ಸಾಧನದಲ್ಲಿಯೂ ರೇಡಿಯೊದಲ್ಲಿಯೂ ಒಂದೇ ತರಂಗಾಂತರ ಇಟ್ಟರೆ ಧ್ವನಿ ಬರುತ್ತದೆ. ಸಮಸ್ಯೆಯಿರುವುದು ಖಾಲಿ ಜಾಗ ಹುಡುಕುವುದರಲ್ಲಿ. ಬೆಂಗಳೂರಿನಲ್ಲಿ 91.1, 92.7, 93.5, 98.3, ಆಕಾಶವಾಣಿಯ 101.3 ಮತ್ತು 102.9 ಹೀಗೆ ಪಟ್ಟಿ ತುಂಬಿಕೊಂಡಿದೆ; ಅವುಗಳ ಪಕ್ಕದಲ್ಲಿ ಇಟ್ಟರೆ ನಿಲಯದ ದನಿ ಒಳನುಗ್ಗುತ್ತದೆ. 88ರ ಆಸುಪಾಸು ಅಥವಾ 107ರ ಮೇಲೆ ಪ್ರಯತ್ನಿಸಿ, ಬೇರೆ ಊರಿಗೆ ಹೋದಾಗ ಗಾಡಿ ನಿಲ್ಲಿಸಿ ಬದಲಿಸಿ. ಆಕ್ಸ್ ಜಾಕ್ (ಹೊರಗಿನ ಸಾಧನದ ಧ್ವನಿಯನ್ನು ತಂತಿಯ ಮೂಲಕ ಕೊಡುವ ರಂಧ್ರ) ಇದ್ದರೆ ಬ್ಲೂಟೂತ್ ರಿಸೀವರ್ ಇನ್ನೂ ಒಳ್ಳೆಯದು, ಏಕೆಂದರೆ ಅದರಲ್ಲಿ ಗಾಳಿಯಲೆಯ ಗೊಂದಲವಿಲ್ಲ. ಎಕ್ಸಿಲರೇಟರ್ ಒತ್ತಿದಂತೆ ಏರುವ ಕೀಚಲು ಸದ್ದು ಬಂದರೆ, ಅದು ಚಾರ್ಜಿಂಗ್ ಮತ್ತು ಆಕ್ಸ್ ಒಂದೇ ಕಾರಿನ ಕರೆಂಟ್ ಹಂಚಿಕೊಂಡಾಗ ಬರುವ ಗ್ರೌಂಡ್ ಲೂಪ್. ಆಕ್ಸ್ ತಂತಿಯ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿದರೆ ನಿಲ್ಲುತ್ತದೆ.

ಸ್ಟೀರಿಯೊವೇ ಇಲ್ಲದಿದ್ದರೆ, ಹಾಡಿಗಿಂತ ಕರೆಯೇ ಮುಖ್ಯವೆಂದಾದರೆ, ಸನ್‌ವೈಸರಿಗೆ ಸಿಕ್ಕಿಸುವ ಬ್ಲೂಟೂತ್ ಸ್ಪೀಕರ್‌ಫೋನ್ ಸಾಕು. ಇಯರ್‌ಬಡ್ಸ್ ಹಾಕಿಕೊಂಡು ಓಡಿಸುವುದನ್ನು ನಾನು ಒಪ್ಪುವುದಿಲ್ಲ. ಹಿಂದಿನ ಹಾರ್ನ್ ಮತ್ತು ಆಂಬುಲೆನ್ಸ್ ಕೇಳಿಸಬೇಕಾದ ಕಿವಿಯನ್ನೇ ಅದು ಮುಚ್ಚುತ್ತದೆ.

ಕೂಡಲೇ ಕೈಬಿಡಬೇಕಾದ ಲಕ್ಷಣಗಳು

ಸ್ಟೀರಿಯೊದಿಂದ ಸುಟ್ಟ ವಾಸನೆ, 12 ವೋಲ್ಟ್ ಸಾಕೆಟ್‌ನಲ್ಲಿ ಸಿಕ್ಕಿಸಿದ ಸಾಧನ ಕೈಯಿಡಲಾಗದಷ್ಟು ಬಿಸಿ, ಮತ್ತೆ ಮತ್ತೆ ಹೋಗುವ ಫ್ಯೂಸ್, ಹಾಡು ಏರಿಸಿದೊಡನೆ ಆರುವ ಪರದೆ. ಇವುಗಳಲ್ಲಿ ಯಾವುದೇ ಕಂಡರೂ ಬ್ಲೂಟೂತ್ ಸೆಟ್ಟಿಂಗ್ಸ್ ಹುಡುಕುತ್ತ ಕೂರದೆ ಎಲ್ಲವನ್ನೂ ಆಫ್ ಮಾಡಿ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಹೋದ ಫ್ಯೂಸಿನ ಜಾಗಕ್ಕೆ ಹೆಚ್ಚು ಆಂಪಿಯರಿನದನ್ನು ಎಂದಿಗೂ ಹಾಕಬಾರದು, ಫ್ಯೂಸ್ ಉಳಿದು ತಂತಿ ಉರಿಯುತ್ತದೆ.

ಮೇಲಿನ ಎಲ್ಲ ಹಂತಗಳೂ ವಿಫಲವಾದರೆ ಕೊನೆಯ ಉಪಾಯವಾಗಿ ಆಂಡ್ರಾಯ್ಡ್‌ನ ರೀಸೆಟ್ ಆಯ್ಕೆಗಳಲ್ಲಿ ವೈಫೈ ಮತ್ತು ಬ್ಲೂಟೂತ್ ರೀಸೆಟ್ ಮಾಡಬಹುದು. ಅದು ಉಳಿಸಿಕೊಂಡ ವೈಫೈ ಪಾಸ್‌ವರ್ಡ್‌ಗಳನ್ನೂ ಅಳಿಸುತ್ತದೆ, ಮೊದಲೇ ಬರೆದಿಟ್ಟುಕೊಳ್ಳಿ. ಅದೂ ಫಲಿಸದಿದ್ದರೆ ಇನ್ನೊಬ್ಬರ ಫೋನನ್ನು ಅದೇ ಕಾರಿಗೆ ಜೋಡಿಸಿ ನೋಡಿ. ಅದು ಸುಸೂತ್ರವಾಗಿ ಕೂಡಿದರೆ ದೋಷ ನಿಮ್ಮ ಫೋನಿನದು, ಅದೂ ಕೂಡದಿದ್ದರೆ ಸ್ಟೀರಿಯೊದ್ದು. ಸರ್ವಿಸ್ ಸೆಂಟರಿಗೆ ಹೋಗುವ ಮುನ್ನ ಈ ಒಂದು ಪರೀಕ್ಷೆ ಮಾಡಿಕೊಂಡರೆ, ‘ನಿಮ್ಮ ಫೋನೇ ಸರಿಯಿಲ್ಲ’ ಎಂಬ ಉತ್ತರದೊಂದಿಗೆ ಮರಳಬೇಕಾಗುವುದಿಲ್ಲ.

ಓಡಿಸುವಾಗ ಮತ್ತು ಕಾರು ಮಾರುವಾಗ

ಮೋಟಾರು ವಾಹನ ಕಾಯ್ದೆಯ 184ನೇ ಕಲಮು, 2019ರ ತಿದ್ದುಪಡಿಯ ನಂತರ, ಕೈಯಲ್ಲಿ ಹಿಡಿದು ಬಳಸುವ ಸಂಪರ್ಕ ಸಾಧನವನ್ನು ಅಪಾಯಕಾರಿ ಚಾಲನೆಯ ಅಡಿಯಲ್ಲಿ ಹೆಸರಿಸುತ್ತದೆ. ಮೊದಲ ಅಪರಾಧಕ್ಕೆ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಆರು ತಿಂಗಳಿಗೆ ಕಡಿಮೆಯಿಲ್ಲದ ಒಂದು ವರ್ಷದವರೆಗಿನ ಸೆರೆ, ಅಥವಾ ಎರಡೂ ಇವೆ. ಬ್ಲೂಟೂತ್ ಇದೆಯೆಂದು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಹೆಸರು ಹುಡುಕುವುದು ಕೈಯಲ್ಲಿ ಹಿಡಿದಂತೆಯೇ. ಕರೆ ಎತ್ತುವುದೂ ಇಡುವುದೂ ಗುಂಡಿಯಿಂದ ಮಾತ್ರ, ಮಾತೂ ಚುಟುಕಾಗಿರಲಿ. ಡಯಲ್ ಮಾಡಬೇಕಿದ್ದರೆ ಗಾಡಿ ಬದಿಗೆ ನಿಲ್ಲಿಸಿ.

ಕಾರನ್ನು ಮಾರುವಾಗ, ಎಕ್ಸ್‌ಚೇಂಜ್‌ಗೆ ಕೊಡುವಾಗ ಅಥವಾ ಬಾಡಿಗೆ ಕಾರನ್ನು ಹಿಂದಿರುಗಿಸುವಾಗ ಫೋನಿನಲ್ಲಿ ‘ಫರ್ಗೆಟ್’ ಒತ್ತಿದರೆ ಸಾಲದು. ನಿಮ್ಮ ಫೋನ್‌ಬುಕ್‌ನ ನಕಲು ಮತ್ತು ಇತ್ತೀಚಿನ ಕರೆಗಳ ಪಟ್ಟಿ ಹಲವು ಟಚ್‌ಸ್ಕ್ರೀನ್‌ಗಳ ಒಳಗೇ ಉಳಿದಿರುತ್ತವೆ. ಸ್ಟೀರಿಯೊದ ಪಟ್ಟಿಯಿಂದ ಫೋನಿನ ಹೆಸರನ್ನು ಅಳಿಸಿ, ಅನಂತರ ಫ್ಯಾಕ್ಟರಿ ರೀಸೆಟ್ ಮಾಡಿ, ಫೋನ್‌ಬುಕ್ ಪುಟವನ್ನು ತೆರೆದು ಅದು ಖಾಲಿಯಾಗಿದೆಯೆಂದು ಕಣ್ಣಾರೆ ನೋಡಿದ ಮೇಲೆಯೇ ಕೀಲಿಯನ್ನು ಕೈಬಿಡಿ.